ದಿ ಇಪ್ಕ್ರೆಸ್ ಫೈಲ್ (1965): ಆ ತಂತಿವಾದ್ಯ ಯಾವುದು, ಡಿವಿಡಿಗೆ ಶ್ರುತಿ ಯಾಕೆ ಕೂಡುತ್ತಿಲ್ಲ?

ಕಪ್ಪುಕನ್ನಡಕ:

ಮೈಕಲ್ ಕೇನ್ ಹ್ಯಾರಿ ಪಾಮರ್ ಎಂಬ ಗೂಢಚಾರನಾಗಿ ಬರುವ ‘ದಿ ಇಪ್ಕ್ರೆಸ್ ಫೈಲ್’ ಮತ್ತೆ ಕೈಗೆ ಸಿಕ್ಕಿದೆ. ಅದರ ಬಗ್ಗೆ ನಾಲ್ಕು ಪ್ರಶ್ನೆಗಳಿವೆ. ಬಲ್ಲವರು ಬಿಡಿಸಿ ಹೇಳಬೇಕು.

1. ಶೀರ್ಷಿಕೆ ಓಡುವಾಗ, ಅಂದರೆ ಪಾಮರ್ ಎದ್ದು ಕನ್ನಡಕ ಹಾಕಿಕೊಂಡು ಕಾಫಿ ಬೀಜ ಪುಡಿ ಮಾಡಿಕೊಳ್ಳುವ ದೃಶ್ಯದಲ್ಲಿ, ಒಂದು ತಂತಿವಾದ್ಯ ಕೇಳುತ್ತದೆ. ಸಂತೂರ್ ಹಾಗಿದೆ, ಆದರೆ ಸಂತೂರ್ ಅಲ್ಲ. ಕೆಲವರು ಝಿದರ್ ಅನ್ನುತ್ತಾರೆ. ಯಾವುದದು?

2. ಚಿತ್ರದ ಸಂಗೀತದ ಆಲ್ಬಮ್‌ಗೆ ಸಂತೂರ್ ಶ್ರುತಿ ಮಾಡಿಕೊಂಡು ಡಿವಿಡಿ ಜೊತೆ ನುಡಿಸಿದರೆ ಕೂಡುವುದೇ ಇಲ್ಲ. ಅರ್ಧ ಸ್ವರ ಏರಿಸಿದರೂ ಸಾಲದು, ಒಂದು ಸ್ವರ ಏರಿಸಿದರೆ ಹೆಚ್ಚಾಗುತ್ತದೆ. ಡಿವಿಡಿಯ ಅವಧಿ ಸುಮಾರು 104 ನಿಮಿಷ ಎಂದು ತೋರಿಸುತ್ತದೆ.

3. ಇದೇ ಚಿತ್ರದ ಹಳೆಯ ಟಿವಿ ಪ್ರತಿ ಚೌಕಾಕಾರದಲ್ಲಿದೆ. ಡಿವಿಡಿ ಅಗಲ ತೆರೆಯದು. ಡಿವಿಡಿಯಲ್ಲಿ ಅರ್ಧ ಪರದೆಯನ್ನು ದೀಪದ ಬುರುಡೆಯೋ, ಬಾಗಿಲ ಚೌಕಟ್ಟೋ, ಯಾರದೋ ಹೆಗಲೋ ಮುಚ್ಚಿಕೊಂಡಿರುತ್ತದೆ. ಟಿವಿ ಪ್ರತಿಯಲ್ಲಿ ಆ ಅಡ್ಡಿಗಳು ಕಡಿಮೆ. ಯಾವುದು ಸರಿಯಾದ ಚಿತ್ರ?

4. ಆ ರಾಗವನ್ನು ಸಂತೂರ್‌ನಲ್ಲಾಗಲಿ ಕೀಬೋರ್ಡ್‌ನಲ್ಲಾಗಲಿ ಅದೇ ನಾದ ಬರುವಂತೆ ನುಡಿಸಬಹುದೇ?

ಕಥೆಯ ಕೊನೆ ದಯವಿಟ್ಟು ಯಾರೂ ಬಿಟ್ಟುಕೊಡಬೇಡಿ, ನೋಡದವರೂ ಓದುತ್ತಿರುತ್ತಾರೆ.

ಹತ್ತಿಕೋಲು:

ಮೊದಲ ಪ್ರಶ್ನೆಗೆ ಉತ್ತರ: ಅದು ಸಿಂಬಲೋಮ್, ಹಂಗೇರಿಯ ವಾದ್ಯ. ಸಂಗೀತ ಜಾನ್ ಬ್ಯಾರಿಯವರದು, ಸಿಂಬಲೋಮ್ ನುಡಿಸಿದವರು ಜಾನ್ ಲೀಚ್.

ಝಿದರ್ ಅನ್ನುವವರು ಬಹುಶಃ ‘ದಿ ಥರ್ಡ್ ಮ್ಯಾನ್’ (1949) ನೆನೆಸಿಕೊಂಡು ಹೇಳುತ್ತಿದ್ದಾರೆ. ಅಲ್ಲಿ ಆಂಟನ್ ಕರಾಸ್ ನುಡಿಸಿದ್ದು ಝಿದರ್ ಹೌದು. ಆದರೆ ಝಿದರ್ ಮೀಟುವ ವಾದ್ಯ, ಸಿಂಬಲೋಮ್ ಕೋಲಿನಿಂದ ಬಡಿಯುವ ವಾದ್ಯ. ಗುರುತಿಸುವುದು ಕಷ್ಟವಲ್ಲ. ಒಂದೇ ಸ್ವರವನ್ನು ಎಳೆಯಬೇಕಾದ ಕಡೆ ಕಿವಿಗೊಡಿ. ಎರಡು ಕೋಲು ಒಂದರ ಹಿಂದೆ ಒಂದು ಬಿದ್ದು ಸ್ವರ ‘ಝರ್ರ್’ ಎಂದು ನಡುಗುತ್ತದೆ. ಮೀಟಿದ ತಂತಿಯಲ್ಲಿ ಪ್ರತಿ ಸ್ವರದ ಮೊದಲಿಗೆ ಉಗುರಿನ ‘ಟಿಕ್’ ಇರುತ್ತದೆ, ಇಲ್ಲಿ ಅದು ಇಲ್ಲ.

ನಮ್ಮ ಸಂತೂರ್‌ಗೂ ಅದಕ್ಕೂ ನೆಂಟಸ್ತಿಕೆ ಇದೆ. ಎರಡೂ ಚಪ್ಪಟೆ ಪೆಟ್ಟಿಗೆಯ ಮೇಲೆ ತಂತಿ ಬಿಗಿದು ಬಡಿಯುವ ವಾದ್ಯಗಳು, ಆಕಾರವೂ ಒಂದೇ. ಆದರೂ ನಾದ ಬೇರೆಯಾಗುವುದು ಮೂರು ಕಾರಣಕ್ಕೆ.

ದೊಡ್ಡ ಸಿಂಬಲೋಮ್‌ಗೆ ಪಿಯಾನೊ ಹಾಗೆ ಕಾಲಿನ ಪೆಡಲ್ ಇದೆ. 1874ರಲ್ಲಿ ಬುಡಾಪೆಸ್ಟ್‌ನ ಯೋಝೆಫ್ ಶುಂಡಾ ಇದನ್ನು ಈ ರೂಪಕ್ಕೆ ತಂದರು. ಪೆಡಲ್ ತುಳಿಯದಿದ್ದರೆ ತಂತಿಯ ಮೇಲೆ ಮೆತ್ತೆ ಕುಳಿತಿರುತ್ತದೆ, ಸ್ವರ ಬೇಗ ಸಾಯುತ್ತದೆ. ತುಳಿದರೆ ಮೆತ್ತೆ ಮೇಲೇಳುತ್ತದೆ, ನಾದ ಹರಡುತ್ತದೆ. ಸಂತೂರ್‌ನಲ್ಲಿ ಈ ಏರ್ಪಾಡು ಇಲ್ಲ. ಬಡಿದ ಸ್ವರ ತಾನಾಗಿ ಆರುವವರೆಗೂ ಗುಂಯ್‌ಗುಡುತ್ತಲೇ ಇರುತ್ತದೆ. ಪಾಮರ್‌ನ ರಾಗದಲ್ಲಿ ಸ್ವರಗಳ ನಡುವೆ ಒಣ ಜಾಗ ಇದೆಯಲ್ಲ, ಅದು ಪೆಡಲ್‌ನ ಕೆಲಸ.

ಎರಡನೆಯದು ಕೋಲು. ಸಿಂಬಲೋಮ್ ಕೋಲಿನ ತುದಿಗೆ ಸಾಮಾನ್ಯವಾಗಿ ಹತ್ತಿ ಸುತ್ತಿರುತ್ತಾರೆ. ಸಂತೂರ್‌ನ ಕೋಲು, ಅಂದರೆ ಕಲಮ್, ಬರಿ ಮರ, ಆದ್ದರಿಂದ ನಾದ ಹೆಚ್ಚು ಹರಿತ.

ಮೂರನೆಯದು ಸ್ವರಗಳ ಹರವು. ಸಿಂಬಲೋಮ್‌ನಲ್ಲಿ ನಾಲ್ಕು ಸ್ಥಾಯಿಗೂ ಹೆಚ್ಚು, ಅದರಲ್ಲೂ ಹನ್ನೆರಡೂ ಸ್ವರಸ್ಥಾನಗಳಿವೆ. ಸಂತೂರ್ ಅನ್ನು ರಾಗಕ್ಕೆ ತಕ್ಕಂತೆ ಕೂಡಿಸುತ್ತಾರೆ. ರಾಗದ ಹೊರಗಿನ ಸ್ವರ ಬೇಕೆಂದರೆ ಆ ಕುದುರೆಯ (ತಂತಿಗಳನ್ನು ಹೊರುವ ಮರದ ತುಂಡಿನ) ತಂತಿಗಳನ್ನೆಲ್ಲ ತಿರುಗಿಸಬೇಕು. 25 ಕುದುರೆ, ಕುದುರೆಗೆ 4 ತಂತಿ ಲೆಕ್ಕದ 100 ತಂತಿಯ ಸಂತೂರ್ ಆದರೆ ಒಂದು ಸ್ವರಕ್ಕೆ ನಾಲ್ಕು ಬಾರಿ ಕೀಲಿ ಹಿಡಿಯಬೇಕು. ಕೆಲಸ ಬೇಜಾರಿನದು.

ಇನ್ನೊಂದು ಮಾತು. ಬ್ಯಾರಿ ಹಿಂದಿನ ವರ್ಷವೇ ‘ಗೋಲ್ಡ್‌ಫಿಂಗರ್’ ಮಾಡಿದ್ದವರು. ಅಲ್ಲಿ ಹಿತ್ತಾಳೆ ವಾದ್ಯಗಳು ಮೈಮೇಲೆ ಬರುತ್ತವೆ. ಇಲ್ಲಿ ಮೇಳವನ್ನು ಹಿಂದಕ್ಕೆ ಸರಿಸಿ, ರಾಗವನ್ನು ಒಂಟಿ ವಾದ್ಯದ ಕೈಗೆ ಕೊಟ್ಟಿದ್ದಾರೆ. ರಾಗಕ್ಕೆ ಇಟ್ಟ ಹೆಸರೂ ‘ಎ ಮ್ಯಾನ್ ಅಲೋನ್’. ಬೆಳಗಿನ ಕಾಫಿಯನ್ನು ತಾನೇ ಮಾಡಿಕೊಳ್ಳುವ, ಸಂಬಳದ ಲೆಕ್ಕ ಹಾಕುವ ಗೂಢಚಾರನಿಗೆ ಹಿತ್ತಾಳೆಯ ಅಬ್ಬರ ಹೊಂದುತ್ತಿರಲಿಲ್ಲ.

ಶ್ರುತಿಯ ಪ್ರಶ್ನೆಗೆ ಒಂದು ಸಲಹೆ: ಆಲ್ಬಮ್ ಬಿಟ್ಟುಬಿಡಿ, ಡಿವಿಡಿಗೇ ನೇರವಾಗಿ ಸಂತೂರ್ ಕೂಡಿಸಿಕೊಳ್ಳಿ.

ಎರಡುತೂತು:

ಮೂರನೆಯದಕ್ಕೆ ನಾನು ಹೇಳುತ್ತೇನೆ. ಡಿವಿಡಿಯ ಅಗಲ ತೆರೆಯೇ ಸರಿ. ಟಿವಿ ಪ್ರತಿಯಲ್ಲಿ ನೀವು ನೋಡಿದ್ದು ಚಿತ್ರದ 57 ಭಾಗ ಮಾತ್ರ, 43 ಭಾಗವನ್ನು ಕತ್ತರಿಸಿ ಎಸೆದಿದ್ದಾರೆ (1.33ನ್ನು 2.35ರಿಂದ ಭಾಗಿಸಿ ನೋಡಿ). ಅಡ್ಡಿ ಮಾಡುವ ದೀಪದ ಬುರುಡೆ ಆ 43ರಲ್ಲಿ ಹೋಯಿತು, ಜೊತೆಗೆ ನಿರ್ದೇಶಕನ ಉದ್ದೇಶವೂ ಹೋಯಿತು.

ಆ ಅಡ್ಡಿಗಳು ಬೇಕೆಂದೇ ಇಟ್ಟಿದ್ದು. ನಿರ್ದೇಶಕ ಸಿಡ್ನಿ ಜೆ. ಫ್ಯೂರಿ, ಛಾಯಾಗ್ರಾಹಕ ಆಟೊ ಹೆಲ್ಲರ್. ಇಡೀ ಚಿತ್ರವನ್ನು ಯಾರೋ ಮರೆಯಲ್ಲಿ ನಿಂತು ಕದ್ದು ನೋಡುತ್ತಿರುವ ಹಾಗೆ ತೆಗೆದಿದ್ದಾರೆ. ರಾಯಲ್ ಆಲ್ಬರ್ಟ್ ಹಾಲ್ ಹೊರಗಿನ ಮೆಟ್ಟಿಲ ಮೇಲಿನ ಹೊಡೆದಾಟ ನೆನೆಸಿಕೊಳ್ಳಿ. ದೂರದಿಂದ, ಕೆಂಪು ಟೆಲಿಫೋನ್ ಬೂತಿನ ಗಾಜಿನ ಮೂಲಕ ಕಾಣುತ್ತದೆ. ಬೇರೆ ಯಾವ ಗೂಢಚಾರಿ ಚಿತ್ರದಲ್ಲಾದರೂ ಕ್ಯಾಮೆರಾ ಆ ಗುದ್ದಿನ ಮಧ್ಯಕ್ಕೇ ನುಗ್ಗುತ್ತಿತ್ತು.

ಆದರೆ ಹೀಗೆ ತೆಗೆಯಲು ಸಾಧ್ಯವಾದದ್ದಕ್ಕೆ ಒಂದು ತಾಂತ್ರಿಕ ಕಾರಣ ಇದೆ, ಅದನ್ನು ಯಾರೂ ಹೇಳುವುದಿಲ್ಲ. ಚಿತ್ರ ಟೆಕ್ನಿಸ್ಕೋಪ್‌ನದು. ಮಾಮೂಲಿ 35 ಎಂಎಂ ಫಿಲ್ಮಿನಲ್ಲಿ ಒಂದು ಚೌಕಟ್ಟಿಗೆ ಪಕ್ಕದ ನಾಲ್ಕು ತೂತಿನಷ್ಟು ಎತ್ತರ. ಟೆಕ್ನಿಸ್ಕೋಪ್‌ನಲ್ಲಿ ಎರಡೇ ತೂತು. ಹಾಗಾಗಿ ಒಂದಡಿ ಫಿಲ್ಮಿನಲ್ಲಿ 16ರ ಬದಲು 32 ಚೌಕಟ್ಟು. 1000 ಅಡಿಯ ಸುರುಳಿ 11 ನಿಮಿಷ ಓಡುವ ಕಡೆ 22 ನಿಮಿಷ ಓಡುತ್ತದೆ. ಕಚ್ಚಾ ಫಿಲ್ಮಿನ ಖರ್ಚು ಅರ್ಧ. ಸರ್ಜಿಯೊ ಲಿಯೊನೆ ತನ್ನ ಕೌಬಾಯ್ ಚಿತ್ರಗಳಿಗೆ ಇದನ್ನೇ ಬಳಸಿದ್ದು.

ಅಗಲ ತೆರೆಯ ಚಿತ್ರಗಳಿಗೆ ಸಾಮಾನ್ಯವಾಗಿ ಹಾಕುತ್ತಿದ್ದುದು ಅನಾಮಾರ್ಫಿಕ್ ಲೆನ್ಸ್, ಅಂದರೆ ಚಿತ್ರವನ್ನು ಅಡ್ಡಲಾಗಿ ಅರ್ಧಕ್ಕೆ ಹಿಂಡಿ ಹಿಡಿಯುವಂಥದ್ದು. ಟೆಕ್ನಿಸ್ಕೋಪ್‌ನಲ್ಲಿ ಹಿಂಡುವ ಕೆಲಸ ಲ್ಯಾಬಿನಲ್ಲಿ, ಪ್ರಿಂಟ್ ಮಾಡುವಾಗ. ಕ್ಯಾಮೆರಾಗೆ ಸಾದಾ ಲೆನ್ಸ್ ಸಾಕು. ಅನಾಮಾರ್ಫಿಕ್‌ನಲ್ಲಿ 50 ಎಂಎಂ ಲೆನ್ಸ್ ಅಡ್ಡಲಾಗಿ ಎಷ್ಟು ಅಗಲ ಹಿಡಿಯುತ್ತದೋ, ಇಲ್ಲಿ 25 ಎಂಎಂ ಲೆನ್ಸ್ ಅಷ್ಟೇ ಹಿಡಿಯುತ್ತದೆ. ಗಿಡ್ಡ ಲೆನ್ಸ್ ಎಂದರೆ ಫೋಕಸ್‌ನ ಆಳ ಹೆಚ್ಚು, ಹತ್ತಿರದ ವಸ್ತುವಿಗೂ ಫೋಕಸ್ ಸಿಗುತ್ತದೆ. ಮೂಗಿನ ಮುಂದೆ ದೀಪ, ಹತ್ತಡಿ ಹಿಂದೆ ಪಾಮರ್, ಎರಡೂ ಓದುವಷ್ಟು ಸ್ಪಷ್ಟ. ಆ ಕಾಲದ ಅನಾಮಾರ್ಫಿಕ್ ಲೆನ್ಸ್‌ನಲ್ಲಿ ಇದೇ ಶಾಟ್ ಇಟ್ಟರೆ ಎರಡರಲ್ಲಿ ಒಂದು ಮಬ್ಬಾಗುತ್ತಿತ್ತು.

ಇದರ ದಂಡ ಎಂದರೆ ಕಾಳು ಕಾಳು. ನೆಗೆಟಿವ್‌ನ ವಿಸ್ತೀರ್ಣ ಸುಮಾರು ಅರ್ಧ, ಅದನ್ನೇ ದೊಡ್ಡ ಪರದೆಗೆ ಹಿಗ್ಗಿಸುವುದರಿಂದ ಗ್ರೇನ್ ಎದ್ದು ಕಾಣುತ್ತದೆ, ಕ್ಯಾಮೆರಾದಲ್ಲಿ ಫಿಲ್ಮ್ ಹಾಯುವ ಗೇಟಿನಲ್ಲಿ ಸಿಕ್ಕಿದ ಕೂದಲೂ ಹಗ್ಗದಷ್ಟಾಗುತ್ತದೆ. ಟೆಕ್ನಿಕಲರ್‌ನ ಬಣ್ಣ ಅಚ್ಚೊತ್ತುವ ಪ್ರಿಂಟ್ ಇದ್ದ ಕಾಲದಲ್ಲಿ ನೆಗೆಟಿವ್‌ನಿಂದಲೇ ಹಿಗ್ಗಿಸಿ ಅಚ್ಚು ತಯಾರಿಸುತ್ತಿದ್ದರು, ನಡುವೆ ಇನ್ನೊಂದು ನಕಲು ಇರುತ್ತಿರಲಿಲ್ಲ. ಆಮೇಲಿನ ಪ್ರಿಂಟ್‌ಗಳು ನಕಲಿನ ನಕಲಿನಿಂದ ಬಂದವು. ಹಳೆಯ ಟಿವಿ ಪ್ರತಿಗಳು ಮಸಿ ಬಳಿದಂತೆ ಕಾಣುವುದಕ್ಕೆ ಅದೂ ಒಂದು ಕಾರಣ. ಹಾಗಾಗಿ ಬ್ಲೂ-ರೇ ಕೊಂಡು ಗ್ರೇನ್ ಕಂಡರೆ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಟಿವಿಯ ‘ನಾಯ್ಸ್ ರಿಡಕ್ಷನ್’ ಹಾಕಲೂಬೇಡಿ. ಹಾಕಿದರೆ ಕೇನ್‌ನ ಮುಖ ಮೇಣದ ಗೊಂಬೆ ಆಗುತ್ತದೆ.

ಪರೀಕ್ಷೆ ಹೀಗೆ. 1920 × 1080 ಪರದೆಯಲ್ಲಿ 2.35ರ ಚಿತ್ರ 817 ಗೆರೆಯಷ್ಟು ಎತ್ತರ ಇರಬೇಕು. ಮೇಲೆ ಕೆಳಗೆ ಸುಮಾರು 131 ಗೆರೆಯ ಕಪ್ಪು ಪಟ್ಟಿ. ಪಟ್ಟಿಯೇ ಇಲ್ಲವೆಂದರೆ ಒಂದೋ ಬದಿ ಕತ್ತರಿಸಿದೆ, ಇಲ್ಲವೇ ಟಿವಿ ಎಳೆದಿದೆ. ಯಾವುದೆಂದು ತಿಳಿಯಲು ಕಾರಿನ ಚಕ್ರ ಪಕ್ಕದಿಂದ ಕಾಣುವ ಶಾಟ್‌ನಲ್ಲಿ ನಿಲ್ಲಿಸಿ. ಚಕ್ರ ಮೊಟ್ಟೆಯಾಗಿದ್ದರೆ ಟಿವಿ ಎಳೆದಿದೆ, ಸೆಟ್ಟಿಂಗ್ ಬದಲಿಸಿದರೆ ಸಾಕು. ದುಂಡಗೇ ಇದ್ದು ಟಿವಿಯ ‘ಜೂಮ್’ ಕೂಡ ಹಾಕಿಲ್ಲದಿದ್ದರೆ ಬದಿ ಕತ್ತರಿಸಿದ ಪ್ರತಿ, ಅದಕ್ಕೆ ಮದ್ದಿಲ್ಲ.

ಇಪ್ಪತ್ತೈದು_ಫ್ರೇಮ್:

ಹತ್ತಿಕೋಲು ಅವರೇ, ವಾದ್ಯದ ವಿಷಯ ಚೆನ್ನಾಗಿ ಹೇಳಿದಿರಿ, ಆದರೆ ಕೊನೆಯ ಸಲಹೆ ಮಾತ್ರ ಬೇಡ. ತಪ್ಪಿರುವುದು ಡಿವಿಡಿ. ಅದಕ್ಕೆ ಸಂತೂರ್ ಕೂಡಿಸಿದರೆ ತಪ್ಪಿಗೆ ಶ್ರುತಿ ಮಾಡಿದಂತೆ.

ಚಿತ್ರದ ಅವಧಿ 109 ನಿಮಿಷ. ಕಪ್ಪುಕನ್ನಡಕ ಅವರ ಡಿಸ್ಕ್ 104 ತೋರಿಸುತ್ತದೆ. ಐದು ನಿಮಿಷ ಕತ್ತರಿಸಿಲ್ಲ, ಓಡಿಸಿದ್ದಾರೆ. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು. ಭಾರತ, ಬ್ರಿಟನ್ ಮುಂತಾದ ಕಡೆ ಬಳಸುತ್ತಿದ್ದ ‘ಪ್ಯಾಲ್’ ಎಂಬ ಟಿವಿ ಪದ್ಧತಿ ಸೆಕೆಂಡಿಗೆ 25. ಹೊಂದಿಸಲು ಸುಲಭದ ದಾರಿ ಚಿತ್ರವನ್ನೇ 25ರ ವೇಗದಲ್ಲಿ ಓಡಿಸಿಬಿಡುವುದು. 109ನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ: 104 ನಿಮಿಷ 38 ಸೆಕೆಂಡ್. ಲೆಕ್ಕ ಹೊಂದುತ್ತದೆ.

ವೇಗ ಶೇಕಡಾ 4.17 ಏರಿದಾಗ ಶ್ರುತಿಯೂ ಏರುತ್ತದೆ. ಎಷ್ಟು ಎಂದರೆ 71 ಸೆಂಟ್ (ಅರ್ಧ ಸ್ವರದ ನೂರರಲ್ಲಿ ಒಂದು ಭಾಗ ಒಂದು ಸೆಂಟ್), ಅಂದರೆ ಅರ್ಧ ಸ್ವರದ ಮುಕ್ಕಾಲಿಗೆ ಸ್ವಲ್ಪ ಕಡಿಮೆ. 440 ಹರ್ಟ್ಸ್‌ನ ಸ್ವರ 458 ಆಗುತ್ತದೆ. ಆದ್ದರಿಂದ ಆಲ್ಬಮ್‌ಗೆ ಕೂಡಿಸಿದ ವಾದ್ಯ ಡಿವಿಡಿಯ ಮುಂದೆ ಯಾವ ಮನೆಯಲ್ಲೂ ಕೂರುವುದಿಲ್ಲ. ಇಲ್ಲಿ ಒಂದು ಅನುಮಾನ ಇದೆ. ಅರ್ಧ ಸ್ವರ ಏರಿಸಿದರೂ ಸಾಲದು ಅಂದಿರಿ. ಬರಿ ಪ್ಯಾಲ್ ವೇಗ ಆಗಿದ್ದರೆ ಅರ್ಧ ಸ್ವರ ಏರಿಸಿದಾಗ ನಿಮ್ಮ ವಾದ್ಯವೇ 29 ಸೆಂಟ್ ಮೇಲಿರಬೇಕಿತ್ತು. ಆಲ್ಬಮ್ ಎಲ್‌ಪಿಯೋ, ಫೈಲೋ? ಎಲ್‌ಪಿ ಆದರೆ ತಿರುಗುಮಣೆಯ ವೇಗವನ್ನೂ ನೋಡಿ. ಅದನ್ನು ತಿರುಗಿಸುವ ಪಟ್ಟಿ (ಬೆಲ್ಟ್) ಸಡಿಲವಾಗಿ ನಿಧಾನ ತಿರುಗಿದರೆ ಶ್ರುತಿ ಕೆಳಗಿಳಿಯುತ್ತದೆ, ಎರಡು ತಪ್ಪೂ ಸೇರಿ ಅಂತರ ದೊಡ್ಡದಾಗುತ್ತದೆ. 33⅓ರ ಲೆಕ್ಕದಲ್ಲಿ 9 ಸುತ್ತಿಗೆ 16.2 ಸೆಕೆಂಡ್ ಹಿಡಿಯಬೇಕು. ಲೇಬಲ್ ಮೇಲೆ ಒಂದು ಗುರುತು ಅಂಟಿಸಿ ಎಣಿಸಿ.

ಡಿವಿಡಿಯ ಸದ್ದು ಸರಿಪಡಿಸುವುದು ಹೀಗೆ. ಶೀರ್ಷಿಕೆಯ ಭಾಗದ ಸದ್ದನ್ನು ವೇವ್ ಫೈಲಾಗಿ ತೆಗೆದು, ಆಡಾಸಿಟಿ ಎಂಬ ಸದ್ದು ತಿದ್ದುವ ಸಾಫ್ಟ್‌ವೇರ್‌ನಲ್ಲಿ ತೆರೆಯಿರಿ. ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಬದಲಿಸುವ ಎಫೆಕ್ಟ್ ಆರಿಸಿ, ಗುಣಕ 0.960 ಕೊಡಿ. ಅಲ್ಲಿ ಶೇಕಡಾ -4 ಎಂದು ಕಾಣಬೇಕು. -4.17 ಹಾಕಬೇಡಿ. ಏರುವಾಗ 4.17 ಆದರೂ ಇಳಿಯುವಾಗ ಸರಿಯಾಗಿ 4. ಬರಿ ‘ಟೆಂಪೊ’ ಬದಲಿಸುವ ಎಫೆಕ್ಟ್ ಬೇರೆ, ಅದು ಶ್ರುತಿಯನ್ನು ಮುಟ್ಟುವುದಿಲ್ಲ.

ವಿಡಿಯೊ ತೋರಿಸುವ ವಿಎಲ್‌ಸಿ ಸಾಫ್ಟ್‌ವೇರ್‌ನಲ್ಲಿ ವೇಗವನ್ನು 0.96ಕ್ಕೆ ಇಳಿಸಿದರೆ ಆಯಿತಲ್ಲ ಎಂದು ಹಲವರು ಹೇಳುತ್ತಾರೆ. ಆಗುವುದಿಲ್ಲ. ವೇಗ ಬದಲಾದರೂ ಶ್ರುತಿ ಕಾಯುವ ಆಯ್ಕೆ ಅದರಲ್ಲಿ ಮೊದಲೇ ಹಾಕಿರುತ್ತದೆ. ಆಡಿಯೊ ಸೆಟ್ಟಿಂಗ್‌ಗೆ ಹೋಗಿ ಅದನ್ನು ತೆಗೆದರೆ ಮಾತ್ರ ಶ್ರುತಿ ಇಳಿಯುತ್ತದೆ.

ಇನ್ನೊಂದು ಎಚ್ಚರಿಕೆ: ಎಲ್ಲ ಪ್ಯಾಲ್ ಡಿಸ್ಕ್‌ನಲ್ಲೂ ಶ್ರುತಿ ಏರಿರುವುದಿಲ್ಲ. ಕೆಲವು ಕಂಪನಿಗಳು ವೇಗ ಏರಿಸಿ ಶ್ರುತಿಯನ್ನು ಮಾತ್ರ ಮತ್ತೆ ಇಳಿಸಿರುತ್ತವೆ. ಅಂಥದ್ದಕ್ಕೆ 0.960 ಹಾಕಿದರೆ 71 ಸೆಂಟ್ ಕೆಳಗೆ ಹೋಗಿ ಬೀಳುತ್ತೀರಿ. ಸಂದೇಹ ಇದ್ದರೆ 24 ಚೌಕಟ್ಟಿನ ಬ್ಲೂ-ರೇಯ ಅದೇ ದೃಶ್ಯದ ಸದ್ದಿನ ಜೊತೆ ಹೋಲಿಸಿ. ಬ್ಲೂ-ರೇಯಲ್ಲಿ 23.976 ಎಂದು ಕಂಡರೆ ಗಾಬರಿ ಬೇಡ, ಆ ವ್ಯತ್ಯಾಸ 2 ಸೆಂಟ್‌ಗೂ ಕಡಿಮೆ.

ಕಪ್ಪುಕನ್ನಡಕ:

ಆಲ್ಬಮ್ ಎಲ್‌ಪಿಯೇ. ಎಣಿಸಿದರೆ 9 ಸುತ್ತಿಗೆ ಸುಮಾರು 16.7 ಸೆಕೆಂಡ್ ಬರುತ್ತಿದೆ.

ಇಪ್ಪತ್ತೈದು_ಫ್ರೇಮ್:

ಹಾಗಾದರೆ ಮುಗಿಯಿತು. ಶೇಕಡಾ 3 ನಿಧಾನ, ಅಂದರೆ ಸುಮಾರು 53 ಸೆಂಟ್ ಕೆಳಗೆ. ಡಿವಿಡಿಯ 71 ಮೇಲೆ, ಎಲ್‌ಪಿಯ 53 ಕೆಳಗೆ, ಒಟ್ಟು 124. ಅರ್ಧ ಸ್ವರ ಎಂದರೆ 100. ಸಾಲದೆ ಬಂದದ್ದು ಆ 24. ಪಟ್ಟಿ ಬದಲಿಸಿ, ಮೋಟರಿನ ವೇಗದ ತಿರುಪು ಇದ್ದರೆ 16.2 ಬರುವವರೆಗೆ ತಿರುಗಿಸಿ. ಪಟ್ಟಿ ಹೊಸದಾದರೂ ನಿಧಾನವೇ ಆದರೆ ಅಚ್ಚಿನ ಎಣ್ಣೆ ಒಣಗಿರುತ್ತದೆ.

ಮೂರನೇಬೆಲ್:

ನಾಲ್ಕನೆಯದು ಉಳಿಯಿತು. ಸಂತೂರ್‌ನಲ್ಲಿ ಬರುತ್ತದೆ, ಆದರೆ ಮೂರು ಕಡೆ ಎಡವುತ್ತೀರಿ.

ಮೊದಲನೆಯದು ಗಾಂಧಾರ. ತಂಬೂರಿಗೆ ಕೂಡಿಸಿದ ಶುದ್ಧವಾದ ಕೋಮಲ ಗಾಂಧಾರ ಷಡ್ಜದಿಂದ 316 ಸೆಂಟ್ ದೂರ. ಬ್ಯಾರಿಯ ಮೇಳ ಪಿಯಾನೊದ ಸಮ ಹಂಚಿಕೆಯಲ್ಲಿದೆ, ಅಲ್ಲಿ ಅದು 300. ಹದಿನಾರು ಸೆಂಟ್ ವ್ಯತ್ಯಾಸ ಒಂಟಿಯಾಗಿ ನುಡಿಸಿದರೆ ಇಂಪು, ಧ್ವನಿಮುದ್ರಣದ ಜೊತೆ ಅಪಸ್ವರ. ಜೊತೆಗೆ ನುಡಿಸುವುದಾದರೆ ಕಿವಿಯನ್ನು ಪಕ್ಕಕ್ಕಿಟ್ಟು ಕ್ರೋಮ್ಯಾಟಿಕ್ ಟ್ಯೂನರ್ ನೋಡಿ ಕೂಡಿಸಿ.

ಎರಡನೆಯದು ಷಡ್ಜ. ಮೂಲದ ಶ್ರುತಿಗೆ ತಂತಿ ಎಳೆಯಲು ಹೋಗಬೇಡಿ. ಒಂದು ಪೂರ್ತಿ ಸ್ವರ ಮೇಲಕ್ಕೆ ಎಳೆದರೆ ತೆಳು ತಂತಿಗಳು ಹರಿಯಬಹುದು, ಉಳಿದವು ಎರಡು ದಿನ ಇಳಿಯುತ್ತಲೇ ಇರುತ್ತವೆ. ವೇಗ ಸರಿಪಡಿಸಿದ ಫೈಲನ್ನೇ ನಿಮ್ಮ ವಾದ್ಯದ ಷಡ್ಜಕ್ಕೆ ಇಳಿಸಿಕೊಳ್ಳಿ. ಈಗ ಬೇಕಾದದ್ದು ಶ್ರುತಿ ಮಾತ್ರ ಬದಲಿಸುವ ಎಫೆಕ್ಟ್, ವೇಗದ್ದಲ್ಲ. ಕ್ರಮ ತಪ್ಪಿಸಬೇಡಿ: ಮೊದಲು 0.960, ಆಮೇಲೆ ಸ್ವರದ ಲೆಕ್ಕ. ಹಿಂದುಮುಂದಾದರೆ ಎಲ್ಲಿ ತಪ್ಪಿದೆ ಎಂದು ಹುಡುಕುವುದೇ ಒಂದು ಸಂಜೆಯ ಕೆಲಸ.

ಮೂರನೆಯದು ಅನುರಣನ. ಎಡ ಅಂಗೈಯನ್ನು ತಂತಿಯ ಮೇಲೆ ಹಗುರವಾಗಿ ಇಟ್ಟು ನಾದ ಅಡಗಿಸಬಹುದು, ಆದರೆ ಆ ಹೊತ್ತಿಗೆ ಒಂದು ಕೋಲು ಹೋದಂತೆ. ನಡುಗುವ ಸ್ವರ ಬರುವ ಕಡೆ ಎರಡೂ ಕೋಲು ಬೇಕು. ಆದ್ದರಿಂದ ಯಾವ ಸ್ವರದಲ್ಲಿ ಅಡಗಿಸಬೇಕು, ಯಾವುದರಲ್ಲಿ ಬಿಡಬೇಕು ಎಂದು ಮೊದಲೇ ಗುರುತು ಹಾಕಿಕೊಳ್ಳಿ. ಕಲಮ್‌ನ ತುದಿಗೆ 1 ಮಿಲಿಮೀಟರ್ ಫೆಲ್ಟ್ ಒಂದೇ ಪದರ ಅಂಟಿಸಿದರೆ ಹರಿತ ಕಡಿಮೆಯಾಗಿ ಸಿಂಬಲೋಮ್ ಹತ್ತಿರ ಬರುತ್ತದೆ. ಎರಡು ಪದರ ಹಾಕಿದರೆ ಕೋಲು ತಂತಿಯಿಂದ ಪುಟಿಯುವುದೇ ಇಲ್ಲ. ಗೋಂದು ತೆಳುವಾಗಿರಲಿ, ಒಣಗಿದ ಗೋಂದಿನ ಗಂಟು ಮರಕ್ಕಿಂತ ಗಟ್ಟಿ.

ಕೀಬೋರ್ಡ್ ಸುಲಭ, ಆದರೆ ಸುಲಭವಾಗಿ ಕೆಡುತ್ತದೆ. ಜನರಲ್ ಮಿಡಿಯ (ಕೀಬೋರ್ಡ್‌ಗಳ ಸದ್ದುಗಳಿಗೆ ನಂಬರು ಕೊಡುವ ಸಾಮಾನ್ಯ ಪಟ್ಟಿಯ) 16ನೇ ಸದ್ದು ‘ಡಲ್ಸಿಮರ್’. ರೋಲ್ಯಾಂಡ್‌ನ ಕೆಲವು ಯಂತ್ರಗಳಲ್ಲಿ ಅದೇ ಜಾಗದಲ್ಲಿ ‘ಸಂತೂರ್’ ಎಂದು ಹೆಸರಿದೆ, ಹುಡುಕುವಾಗ ಗೊಂದಲ ಬೇಡ. ನಂಬರನ್ನು ಸೊನ್ನೆಯಿಂದ ಎಣಿಸುವ ಸಾಫ್ಟ್‌ವೇರ್‌ನಲ್ಲಿ 15 ಒತ್ತಬೇಕು. 16 ಒತ್ತಿದರೆ ಆರ್ಗನ್ ಬರುತ್ತದೆ. ನಿಜವಾದ ಸಿಂಬಲೋಮ್ ಸ್ಯಾಂಪಲ್ ಇದ್ದರೆ ಇನ್ನೂ ಒಳ್ಳೆಯದು.

ಕೆಡುವುದು ನಡುಗುವ ಸ್ವರದಲ್ಲಿ. ಒಂದೇ ಕೀಲಿಯನ್ನು ಒಂದೇ ಬಲದಲ್ಲಿ ಪದೇ ಪದೇ ಹೊಡೆದರೆ ಅದೇ ಸ್ಯಾಂಪಲ್ ಮರುಕಳಿಸಿ ಮಷೀನ್ ಗನ್ ಆಗುತ್ತದೆ. ಮನುಷ್ಯನ ಎರಡು ಕೈ ಸಮ ಇರುವುದಿಲ್ಲ. ಒಂದು ಬಿಟ್ಟು ಒಂದು ಪೆಟ್ಟಿನ ಬಲವನ್ನು 8ರಿಂದ 15 ಅಂಕ ಇಳಿಸಿ, ಸಮಯವನ್ನು 5ರಿಂದ 10 ಮಿಲಿಸೆಕೆಂಡ್ ಅತ್ತಿತ್ತ ಸರಿಸಿ. ಸೆಕೆಂಡಿಗೆ 10-12 ಪೆಟ್ಟು ಸಾಕು. ಅದಕ್ಕಿಂತ ಹೆಚ್ಚಾದರೆ ಮ್ಯಾಂಡೊಲಿನ್ ಆಯಿತು. ಸಸ್ಟೇನ್ ಪೆಡಲ್ ಒತ್ತಿಕೊಂಡೇ ಇರಬೇಡಿ, ಸ್ವರ ಬದಲಾಗುವ ಮುನ್ನ ಬಿಡಿ. ಅದೇ ಸದ್ದಿನ ಇನ್ನೊಂದು ಪದರವನ್ನು 5-6 ಸೆಂಟ್ ಸರಿಸಿ ಮೆಲ್ಲಗೆ ಸೇರಿಸಿದರೆ ಒಂದು ಸ್ವರಕ್ಕೆ ಹಲವು ತಂತಿ ಇರುವ ಅನುಭವ ಬರುತ್ತದೆ.

ರಿವರ್ಬ್ (ಸದ್ದಿಗೆ ಸೇರಿಸುವ ಪ್ರತಿಧ್ವನಿ) ಕಡಿಮೆ ಇಡಿ. ಈಗಿನ ಪ್ರೀಸೆಟ್‌ಗಳೆಲ್ಲ ದೇವಸ್ಥಾನದ ಪ್ರಾಂಗಣ. ಪಾಮರ್‌ನ ರಾಗ ಒಂದು ಬಾಡಿಗೆ ಕೋಣೆಯೊಳಗೆ ಹಿಡಿಯುವಷ್ಟೇ ಇರಬೇಕು.

ಗಾಂಧಿನಗರ_ಮ್ಯಾಟ್ನಿ:

ಇದೆಲ್ಲ ಸರಿ, ಒಂದು ಮಾತು ಸೇರಿಸುತ್ತೇನೆ. ಈ ಚಿತ್ರವನ್ನು ಬಾಂಡ್‌ಗೆ ವಿರುದ್ಧ ಎನ್ನುವುದು ರೂಢಿ, ಆದರೆ ಮಾಡಿದವರಲ್ಲಿ ಹಲವರು ಬಾಂಡ್ ಮನೆಯವರೇ. ನಿರ್ಮಾಪಕ ಹ್ಯಾರಿ ಸಾಲ್ಟ್ಸ್‌ಮನ್, ಕಲಾ ನಿರ್ದೇಶನ ಕೆನ್ ಆಡಮ್, ಸಂಕಲನ ಪೀಟರ್ ಹಂಟ್, ಸಂಗೀತ ಬ್ಯಾರಿ. ಅದೇ ಅಡಿಗೆಯವರು, ಮಸಾಲೆ ಮಾತ್ರ ಬಿಟ್ಟಿದ್ದಾರೆ. ಅಡಿಗೆ ಎಂದ ಮೇಲೆ ಇನ್ನೊಂದು: ಮೂಲ ಕಾದಂಬರಿಯ (1962) ಲೇಖಕ ಲೆನ್ ಡೇಟನ್ ಪತ್ರಿಕೆಗೆ ಅಡಿಗೆಯ ವಿಧಾನಗಳನ್ನು ಕಾಮಿಕ್ಸ್ ಹಾಗೆ ಚಿತ್ರಪಟ್ಟಿಯಾಗಿ ಬರೆಯುತ್ತಿದ್ದವರು. ಪಾಮರ್‌ನ ಅಡಿಗೆಮನೆಯ ಗೋಡೆಯ ಮೇಲೆ ಅವು ಅಂಟಿಸಿವೆ. ಕತ್ತರಿಸಿದ ಪ್ರತಿಯಲ್ಲಿ ಅದನ್ನು ಹುಡುಕಲು ಹೋಗಬೇಡಿ. ಕಾದಂಬರಿಯ ನಾಯಕನಿಗೆ ಹೆಸರೇ ಇಲ್ಲ, ‘ಹ್ಯಾರಿ ಪಾಮರ್’ ಸಿನಿಮಾಕ್ಕೆ ಹುಟ್ಟಿದ ಹೆಸರು.

ನಮ್ಮಲ್ಲಿ ಅದೇ ದಶಕದಲ್ಲಿ ದೊರೆ-ಭಗವಾನ್ ‘ಜೇಡರ ಬಲೆ’ (1968) ತೆಗೆದು ರಾಜ್‌ಕುಮಾರ್‌ರನ್ನು ಸಿಐಡಿ 999 ಮಾಡಿದರು, ಸಂಗೀತ ಜಿ.ಕೆ. ವೆಂಕಟೇಶ್. ಅವರು ಹಿಡಿದದ್ದು ಬಾಂಡ್ ದಾರಿ: ಕ್ಲಬ್ಬು, ಹಿತ್ತಾಳೆ, ವೇಗ. ಪಾಮರ್ ದಾರಿ ಹಿಡಿದಿದ್ದರೆ ಮಲ್ಲೇಶ್ವರದ ವಠಾರದಲ್ಲಿ ಫಿಲ್ಟರ್ ಕಾಫಿ ಇಳಿಸುವ ಸಿಐಡಿ ಸಿಗುತ್ತಿದ್ದ. ಅದಿರಲಿ.

ಮುಂದೆ ಕೇಳುವುದಾದರೆ: ಪಾಮರ್‌ನ ಮುಂದಿನ ಚಿತ್ರಗಳಿಗೆ ಬ್ಯಾರಿ ಇಲ್ಲ. ‘ಫ್ಯೂನರಲ್ ಇನ್ ಬರ್ಲಿನ್’ (1966) ಕೊನ್ರಾಡ್ ಎಲ್ಫರ್ಸ್ ಸಂಗೀತ. ‘ಬಿಲಿಯನ್ ಡಾಲರ್ ಬ್ರೇನ್’ (1967) ರಿಚರ್ಡ್ ರಾಡ್ನಿ ಬೆನೆಟ್ ಅವರದು. ಅದರಲ್ಲಿ ಆಂಡ್ ಮಾರ್ತೆನೊ ಎಂಬ ವಿದ್ಯುತ್ ವಾದ್ಯ ಕೇಳುತ್ತದೆ, ಅದನ್ನು ಸಂತೂರ್‌ನಲ್ಲಿ ಹುಡುಕಬೇಡಿ. ಬ್ಯಾರಿಯ ತಣ್ಣಗಿನ ಗೂಢಚಾರಿ ಸಂಗೀತವೇ ಬೇಕೆಂದರೆ ‘ದಿ ಕ್ವಿಲರ್ ಮೆಮೊರಾಂಡಮ್’ (1966). ಸಿಂಬಲೋಮ್ ಬೇಕೆಂದರೆ ಬ್ಯಾರಿಯದೇ ‘ದಿ ಪರ್ಸುವೇಡರ್ಸ್’ ಟಿವಿ ಧಾರಾವಾಹಿಯ (1971) ಶೀರ್ಷಿಕೆ ಸಂಗೀತ. ಶಾಸ್ತ್ರೀಯದಲ್ಲಾದರೆ ಕೊದಾಯ್‌ನ ‘ಹಾರಿ ಯಾನೋಶ್’. ಅದರಲ್ಲಿ ಇಡೀ ಆರ್ಕೆಸ್ಟ್ರಾದ ನಡುವೆ ಸಿಂಬಲೋಮ್ ಹೇಗೆ ದಾರಿ ಮಾಡಿಕೊಳ್ಳುತ್ತದೆ ಎಂದು ತಿಳಿಯುತ್ತದೆ.

ಹತ್ತಿಕೋಲು:

ಡಿವಿಡಿಗೆ ಕೂಡಿಸಿ ಎಂದ ನನ್ನ ಮಾತು ವಾಪಸ್. ಮೂರನೇಬೆಲ್ ಅವರ ಫೆಲ್ಟ್ ಸಲಹೆಗೆ ಒಂದು ತಿದ್ದುಪಡಿ ಮಾತ್ರ: ಅಂಟಿಸುವ ಬದಲು ಹತ್ತಿ ನೂಲನ್ನು ಒಂದು ಸುತ್ತು ಬಿಗಿಯಾಗಿ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿ. ಬೇಡವಾದಾಗ ಬಿಚ್ಚಬಹುದು, ಒಳ್ಳೆಯ ಕಲಮ್ ಹಾಳಾಗುವುದಿಲ್ಲ. ಕೆಳಸ್ಥಾಯಿಯ ಸ್ವರಗಳು ಸಂತೂರ್‌ನಲ್ಲಿ ಸಿಗದ ಕಡೆ ಮೇಲಿನ ಸ್ಥಾಯಿಗೆ ಎತ್ತಬೇಡಿ, ರಾಗದ ಮುಖವೇ ಬದಲಾಗುತ್ತದೆ. ಆ ನಾಲ್ಕಾರು ಸ್ವರ ಬಿಟ್ಟುಬಿಡಿ, ಕೆಳಗಿನ ಬಾಸ್ ತುಂಬಿಕೊಳ್ಳುತ್ತದೆ.

ಕಪ್ಪುಕನ್ನಡಕ:

ಪಟ್ಟಿ ಬದಲಿಸಿದ ಮೇಲೆ 9 ಸುತ್ತಿಗೆ 16.2. ಡಿವಿಡಿಯ ಸದ್ದಿಗೆ 0.960 ಹಾಕಿದೆ. ಎರಡೂ ಒಂದೇ ಮನೆಗೆ ಬಂದವು, ಟ್ಯೂನರ್ ಪ್ರಕಾರ 3 ಸೆಂಟ್ ಅಂತರ. ಈಗ ನೂಲು ಸುತ್ತಬೇಕು. 20 ನಂಬರಿನ ನೂಲು ನಡೆಯುತ್ತದೆಯೇ, ಇನ್ನೂ ದಪ್ಪ ಬೇಕೆ?

ಹತ್ತಿಕೋಲು:

20 ನಡೆಯುತ್ತದೆ. ಇನ್ನೂ ದಪ್ಪ ಬೇಡ.